ಚೇತರಿಸಿಕೊಂಡವರಿಗೆ ಗುಂಪು ಆಪ್ತಸಮಾಲೋಚನೆ ಏಕೆ ಬೇಕು?

ಪ್ರಶ್ನೆ: ನನ್ನ ತಮ್ಮನಿಗೆ 32 ವರ್ಷ. ಮನಸ್ಸು ಒಮ್ಮೆ ಅತಿಯಾದ ಉತ್ಸಾಹಕ್ಕೂ ಒಮ್ಮೆ ಖಿನ್ನತೆಗೂ ಹೋಗುವ ಬೈಪೋಲಾರ್ ಕಾಯಿಲೆಯಿಂದಾಗಿ ಐದು ವರ್ಷಗಳಲ್ಲಿ ಎರಡು ಸಲ ಆಸ್ಪತ್ರೆ ಸೇರಿದ್ದ. ಈಗ ಎಂಟು ತಿಂಗಳಿಂದ ಚೆನ್ನಾಗಿದ್ದಾನೆ, ಕೆಲಸಕ್ಕೂ ಹೋಗುತ್ತಿದ್ದಾನೆ. ವಾರಕ್ಕೊಮ್ಮೆ ನಡೆಯುವ ಗುಂಪು ಆಪ್ತಸಮಾಲೋಚನೆಗೆ ಸೇರುವಂತೆ ಮನೋವೈದ್ಯರು ಹೇಳಿದ್ದಾರೆ. "ಹತ್ತು ಜನರ ಕಾಯಿಲೆಯ ಕಥೆ ಕೇಳಿದರೆ ನನ್ನದೂ ಹೆಚ್ಚಾಗುತ್ತದೆ, ನನ್ನ ವಿಷಯ ಎಲ್ಲರ ಬಾಯಿಗೆ ಬೀಳುತ್ತದೆ" ಎಂದು ಅವನು ಒಪ್ಪುತ್ತಿಲ್ಲ. ನಮಗೂ ಅದೇ ಅಳುಕು. ಅವನು ಮಾತ್ರೆ ನುಂಗಿದನೇ ಇಲ್ಲವೇ ಎಂದು ನಾನೇ ದಿನವೂ ಎಣಿಸಿ ನೋಡುತ್ತೇನೆ, ಅದಕ್ಕೇ ಜಗಳವಾಗುತ್ತದೆ. ಅವನು ತನ್ನನ್ನು ತಾನೇ ನೋಡಿಕೊಳ್ಳುವಂತಾಗಲು ಈ ಗುಂಪು ನಿಜಕ್ಕೂ ನೆರವಾಗುತ್ತದೆಯೇ?

ಉತ್ತರ: ನೆರವಾಗುತ್ತದೆ, ಆದರೆ ಎರಡು ಷರತ್ತುಗಳಿವೆ. ಸೇರುವವರು ಕಾಯಿಲೆಯ ತೀವ್ರ ಹಂತವನ್ನು ದಾಟಿ ಸ್ವಲ್ಪ ಕಾಲವಾದರೂ ಸ್ಥಿರವಾಗಿರಬೇಕು. ಗುಂಪು ಗೋಳು ತೋಡಿಕೊಳ್ಳುವ ಜಾಗವಾಗಿಯಷ್ಟೇ ಉಳಿಯದೆ ದಿನನಿತ್ಯದ ನಿರ್ವಹಣೆಯನ್ನು ಕಲಿಸುವಂತಿರಬೇಕು. ಎಂಟು ತಿಂಗಳಿಂದ ಚೆನ್ನಾಗಿದ್ದು ಕೆಲಸಕ್ಕೂ ಹೋಗುತ್ತಿರುವ ನಿಮ್ಮ ತಮ್ಮ ಮೊದಲನೆಯ ಷರತ್ತನ್ನು ಈಗಾಗಲೇ ಪೂರೈಸಿದ್ದಾರೆ. ಎರಡನೆಯದನ್ನು ಕಂಡುಕೊಳ್ಳುವುದು ಹೇಗೆಂದು ಮುಂದೆ ಹೇಳುತ್ತೇನೆ. ಮೊದಲು ಅವರ ಭಯದಿಂದಲೇ ತೊಡಗುತ್ತೇನೆ, ಏಕೆಂದರೆ ಅದನ್ನು ಬದಿಗಿಟ್ಟು ಆಡುವ ಯಾವ ಮಾತೂ ಅವರಿಗೆ ತಟ್ಟುವುದಿಲ್ಲ.

"ಬೇರೆಯವರ ಕಥೆ ಕೇಳಿದರೆ ನನ್ನದೂ ಹೆಚ್ಚಾಗುತ್ತದೆ" ಎಂಬ ಮಾತನ್ನು ಹೊಸದಾಗಿ ಬರುವ ಹೆಚ್ಚಿನವರು ಆಡುತ್ತಾರೆ. ಆ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆಸ್ಪತ್ರೆಯ ವಾರ್ಡಿನಲ್ಲಿ ಇತರರ ತೀವ್ರ ಸ್ಥಿತಿಯನ್ನು ಕಣ್ಣಾರೆ ಕಂಡವರಿಗೆ 'ಗುಂಪು' ಎಂದೊಡನೆ ಅದೇ ಚಿತ್ರ ಕಣ್ಣ ಮುಂದೆ ಬರುತ್ತದೆ. ಆದರೆ ಚೇತರಿಸಿಕೊಂಡವರ ಗುಂಪಿನಲ್ಲಿ ಕುಳಿತಿರುವವರು ಕೆಲಸಕ್ಕೆ ಹೋಗಿ ಬಂದವರು, ಮಗುವನ್ನು ಶಾಲೆಗೆ ಬಿಟ್ಟು ಬಂದವರು, ಪರೀಕ್ಷೆಗೆ ಮತ್ತೆ ಓದುತ್ತಿರುವವರು. ಅಲ್ಲಿ ನಡೆಯುವ ಮಾತಿನ ಬಹುಪಾಲು ಕಾಯಿಲೆಯ ಭೀಕರ ದಿನಗಳ ಬಗ್ಗೆ ಇರುವುದಿಲ್ಲ. ನಿದ್ದೆ, ಮಾತ್ರೆ, ಸಿಟ್ಟು, ಸಾಲ, ರಜೆ, ಮನೆಯವರ ಆತಂಕ, ಇಂಥ ವಿಷಯಗಳ ಸುತ್ತಲೇ ಇರುತ್ತದೆ. ಯಾರಾದರೂ ಹಳೆಯ ಘಟನೆಯೊಂದನ್ನು ವಿಸ್ತಾರವಾಗಿ ಹೇಳತೊಡಗಿದರೆ, "ಆ ದಿನಗಳಿಗೆ ಒಂದು ವಾರ ಮುಂಚೆ ಏನು ಬದಲಾಗಿತ್ತು?" ಎಂದು ಕೇಳಿ ಮಾತನ್ನು ಉಪಯೋಗದ ಕಡೆಗೆ ತಿರುಗಿಸುವುದು ಗುಂಪನ್ನು ನಡೆಸುವವರ ಕೆಲಸ. ಹಾಗೆ ನಡೆಸಿದ ಗುಂಪಿನಿಂದ ಕಾಯಿಲೆ ಅಂಟಿಸಿಕೊಂಡು ಹೋದವರನ್ನು ನಾನು ಕಂಡಿಲ್ಲ. ಕೇಳಿಸಿಕೊಂಡದ್ದು ಭಾರವಾಯಿತೆಂದು ಒಂದೆರಡು ದಿನ ಮಂಕಾದವರನ್ನು ಕಂಡಿದ್ದೇನೆ. ಅದನ್ನು ಮುಂದಿನ ವಾರ ಅಲ್ಲಿಯೇ ಹೇಳಿಕೊಳ್ಳಲು ಅವಕಾಶವಿರುತ್ತದೆ.

ಗುಂಪು ಚಿಕಿತ್ಸೆಯನ್ನು ಆಳವಾಗಿ ಅಧ್ಯಯನ ಮಾಡಿದ ಅಮೆರಿಕದ ಮನೋವೈದ್ಯ ಇರ್ವಿನ್ ಯಾಲಮ್ ಅವರು ಗುಂಪು ಗುಣ ಕೊಡುವ ಕಾರಣಗಳನ್ನು ಎಣಿಸುವಾಗ, 'ಇದು ನನಗೊಬ್ಬನಿಗೇ ಆದದ್ದಲ್ಲ' ಎಂಬ ಅರಿವನ್ನು ಮುಖ್ಯವಾದವುಗಳಲ್ಲಿ ಒಂದೆಂದು ಗುರುತಿಸಿದ್ದಾರೆ. ಮಾನಸಿಕ ಕಾಯಿಲೆಯಲ್ಲಿ ಈ ಅರಿವಿಗೆ ಇನ್ನೂ ಹೆಚ್ಚಿನ ಬೆಲೆಯಿದೆ. ಉನ್ಮಾದದ, ಅಂದರೆ ಮನಸ್ಸು ಅತಿಯಾದ ಉತ್ಸಾಹಕ್ಕೇರಿದ, ದಿನಗಳಲ್ಲಿ ತಾನು ಆಡಿದ ಮಾತು, ಮಾಡಿದ ಖರ್ಚು, ಕೆಡಿಸಿಕೊಂಡ ಸ್ನೇಹ ಇವುಗಳ ನೆನಪು ಚೇತರಿಸಿಕೊಂಡ ಮೇಲೆ ಕೊರೆಯುತ್ತಲೇ ಇರುತ್ತದೆ. ಆ ನಾಚಿಕೆಯನ್ನು ವೈದ್ಯರಾಗಲಿ ಅಕ್ಕನಾಗಲಿ ಎಷ್ಟು ಸಮಾಧಾನ ಹೇಳಿದರೂ ಪೂರ್ತಿ ಇಳಿಸಲಾರರು. ಅದೇ ದಾರಿಯಲ್ಲಿ ನಡೆದುಬಂದ ಇನ್ನೊಬ್ಬರು "ನಾನೂ ಹೀಗೆಯೇ ಮಾಡಿದ್ದೆ" ಎಂದಾಗ ಅದು ಸಡಿಲವಾಗುತ್ತದೆ. ನಾಚಿಕೆ ಸಡಿಲವಾಗದೆ ಮನುಷ್ಯ ತನ್ನ ಕಾಯಿಲೆಯನ್ನು ನೇರವಾಗಿ ನೋಡಲಾರ; ನೋಡದಿದ್ದರೆ ನಿಭಾಯಿಸಲೂ ಆರ.

ಇನ್ನು 'ತನ್ನನ್ನು ತಾನೇ ನೋಡಿಕೊಳ್ಳುವುದು' ಎಂದರೇನು ಎಂಬುದು ಮೊದಲು ಸ್ಪಷ್ಟವಾಗಬೇಕು. ಸ್ವಯಂ ನಿರ್ವಹಣೆ ಎಂಬ ಪದವನ್ನು 'ಇನ್ನು ನಿನ್ನ ಪಾಡು ನೀನು ನೋಡಿಕೋ' ಎಂಬ ಅರ್ಥದಲ್ಲಿ ಕೆಲವರು ಬಳಸುವುದನ್ನು ಕೇಳಿದಾಗ ನನಗೆ ನೋವಾಗುತ್ತದೆ. ಮನಸ್ಸಿನ ಬಲದಿಂದ ಕಾಯಿಲೆಯನ್ನು ಅದುಮಿಡುವುದು ಎಂಬ ಅರ್ಥವಂತೂ ಅದಕ್ಕೆ ಖಂಡಿತ ಇಲ್ಲ. ತನ್ನ ಕಾಯಿಲೆ ಯಾವ ದಾರಿಯಲ್ಲಿ ಬರುತ್ತದೆಂದು ತಿಳಿದಿರುವುದು, ಅದು ಬರುವ ಸೂಚನೆ ಸಿಕ್ಕ ಕೂಡಲೇ ಏನು ಮಾಡಬೇಕೆಂದು ಮೊದಲೇ ನಿಶ್ಚಯಿಸಿ ಬರೆದಿಟ್ಟಿರುವುದು, ಔಷಧಿಯನ್ನು ಏಕೆ ತೆಗೆದುಕೊಳ್ಳುತ್ತಿದ್ದೇನೆಂದು ಅರಿತು ತೆಗೆದುಕೊಳ್ಳುವುದು, ಯಾರನ್ನು ಯಾವಾಗ ಕರೆಯಬೇಕೆಂದು ಗೊತ್ತಿರುವುದು, ಇವೆಲ್ಲ ಸೇರಿದರೆ ಸ್ವಯಂ ನಿರ್ವಹಣೆ. ಹೊತ್ತಿಗೆ ಸರಿಯಾಗಿ ನೆರವು ಕೇಳುವುದು ಅದರೊಳಗಿನ ಬಹುದೊಡ್ಡ ಕೌಶಲ.

ಇದನ್ನು ಗುಂಪಿನಲ್ಲಿ ಕಲಿಸುವ ಪದ್ಧತಿ ಹೊಸದಲ್ಲ. 1905ರಲ್ಲಿ ಬಾಸ್ಟನ್ನಿನ ವೈದ್ಯ ಜೋಸೆಫ್ ಪ್ರ್ಯಾಟ್ ಅವರು ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಂದೆಡೆ ಸೇರಿಸುತ್ತಿದ್ದರು. ಪ್ರತಿಯೊಬ್ಬರೂ ತಮ್ಮ ಜ್ವರ, ವಿಶ್ರಾಂತಿಗಳ ವಿವರವನ್ನು ದಿನವೂ ಪುಸ್ತಕದಲ್ಲಿ ಬರೆದು ತರಬೇಕಿತ್ತು. ಗುಂಪು ಚಿಕಿತ್ಸೆಯ ಆರಂಭವನ್ನು ಸಾಮಾನ್ಯವಾಗಿ ಅಲ್ಲಿಂದಲೇ ಗುರುತಿಸುತ್ತಾರೆ. 1937ರಲ್ಲಿ ಷಿಕಾಗೋದ ಮನೋವೈದ್ಯ ಅಬ್ರಹಾಂ ಲೋ ಅವರು ಮನೋರೋಗ ಆಸ್ಪತ್ರೆಯಿಂದ ಬಿಡುಗಡೆಯಾದವರಿಗಾಗಿ ಇಂಥದೇ ಗುಂಪನ್ನು ಕಟ್ಟಿದರು. ಅಂದಿನ ಆ ದಿನಚರಿ ಪುಸ್ತಕದ ಜಾಗದಲ್ಲಿ ಇಂದು ನಿದ್ದೆ ಮತ್ತು ಮನಃಸ್ಥಿತಿಯನ್ನು ಗುರುತು ಹಾಕುವ ಪಟ್ಟಿ ಬಂದಿದೆ.

ಒಳಗೆ ಏನು ನಡೆಯುತ್ತದೆಂಬುದು ನಿಮಗೆ ಕಣ್ಣಿಗೆ ಕಟ್ಟಲೆಂದು ಒಂದು ಸಂಜೆಯ ಪ್ರಸಂಗವನ್ನು ಹೇಳುತ್ತೇನೆ. ಯಾರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಅಂದು ಒಂಬತ್ತು ಜನರಿದ್ದರು. ಪ್ರತಿಯೊಬ್ಬರಿಗೂ ಒಂದು ಹಾಳೆ ಕೊಟ್ಟು, 'ನಾನು ಚೆನ್ನಾಗಿದ್ದಾಗ ಹೇಗಿರುತ್ತೇನೆ' ಎಂದು ಒಂದು ಬದಿಯಲ್ಲಿ, 'ಕೆಡುವುದಕ್ಕೆ ಮುಂಚೆ ಏನು ಬದಲಾಗುತ್ತದೆ' ಎಂದು ಇನ್ನೊಂದು ಬದಿಯಲ್ಲಿ ಬರೆಯಲು ಹೇಳಿದ್ದೆವು. ಒಬ್ಬ ಯುವಕ ಎರಡನೆಯ ಬದಿಯಲ್ಲಿ "ಏನೂ ಇಲ್ಲ, ಇದ್ದಕ್ಕಿದ್ದಂತೆ ಬರುತ್ತದೆ" ಎಂದು ಒಂದೇ ಸಾಲು ಬರೆದು ಪೆನ್ನು ಕೆಳಗಿಟ್ಟರು. ಅವರ ಪಕ್ಕದಲ್ಲಿದ್ದ ನಡುವಯಸ್ಸಿನ ಮಹಿಳೆ ತಮ್ಮದನ್ನು ಓದಿದರು: "ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ. ಬೀರುವಿನ ಬಟ್ಟೆಯನ್ನೆಲ್ಲ ಕೆಳಗೆ ಸುರಿದುಕೊಂಡು ಬಣ್ಣದ ಪ್ರಕಾರ ಜೋಡಿಸುತ್ತೇನೆ. ಬೆಳಿಗ್ಗೆ ಒಂದಿಷ್ಟೂ ದಣಿವಿರುವುದಿಲ್ಲ. ಆ ದಣಿವಿಲ್ಲದಿರುವುದೇ ನನ್ನ ಗುರುತು." ಕೋಣೆಯಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆ ಯುವಕ ಮತ್ತೆ ಪೆನ್ನು ಎತ್ತಿಕೊಂಡು, "ನಾನು ಹಳೆಯ ಸಹಪಾಠಿಗಳಿಗೆಲ್ಲ ಒಬ್ಬರಾದ ಮೇಲೆ ಒಬ್ಬರಿಗೆ ಫೋನ್ ಮಾಡುತ್ತೇನೆ. ಇದೂ ಅದೇ ಇರಬಹುದೇ?" ಎಂದು ಕೇಳಿದರು. ಮುಂದಿನ ವಾರ ಅವರು ತಮ್ಮ ಫೋನಿನಲ್ಲಿದ್ದ ಹಳೆಯ ಸಂದೇಶಗಳನ್ನು ತಡಕಿ, ಆಸ್ಪತ್ರೆ ಸೇರುವುದಕ್ಕೆ ಹನ್ನೊಂದು ದಿನ ಮುಂಚೆಯೇ ಆ ಕರೆಗಳು ಶುರುವಾಗಿದ್ದವೆಂದು ಕಂಡುಕೊಂಡು ಬಂದರು.

ಆ ಹನ್ನೊಂದು ದಿನಗಳನ್ನು ಅವರ ಕೈಗೆ ಕೊಟ್ಟದ್ದು ಗುಂಪು. ನಾನು ಎದುರಿಗೆ ಕುಳಿತು ಮುನ್ಸೂಚನೆಗಳ ಪಟ್ಟಿಯನ್ನು ಓದಿ ಹೇಳಿದ್ದರೆ ಅವರು ತಲೆಯಾಡಿಸಿ ಮನೆಗೆ ಹೋಗುತ್ತಿದ್ದರು ಎಂದೇ ನನ್ನ ಅನಿಸಿಕೆ. ಉನ್ಮಾದದ ಮುನ್ಸೂಚನೆಗಳು ಸಾಮಾನ್ಯವಾಗಿ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಕಾಣಿಸಿಕೊಂಡೇ ಇರುತ್ತವೆ. ಆದರೆ ಅವು ಆರಂಭದಲ್ಲಿ ಹಿತವಾಗಿರುವುದರಿಂದ, ಉತ್ಸಾಹವೆಂದೇ ತೋರುವುದರಿಂದ, ಅವನ್ನು ಕಾಯಿಲೆಯೆಂದು ಗುರುತಿಸುವುದು ಕಷ್ಟ. ಖಿನ್ನತೆ ಇನ್ನೂ ಮೆಲ್ಲಗೆ ಬರುತ್ತದೆ: ಸ್ನಾನ ಮುಂದಕ್ಕೆ ಹೋಗುತ್ತದೆ, ಬಂದ ಫೋನಿಗೆ ಉತ್ತರಿಸುವುದು ನಿಲ್ಲುತ್ತದೆ, ಬೆಳಗಿನ ಜಾವಕ್ಕೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತುವುದಿಲ್ಲ. ಮುನ್ಸೂಚನೆ ಗುರುತಿಸಿ ಬೇಗ ಚಿಕಿತ್ಸೆ ಪಡೆಯುವುದನ್ನು ಕಲಿಸಿದರೆ ಏನಾಗುತ್ತದೆಂದು ಇಂಗ್ಲೆಂಡಿನಲ್ಲಿ 69 ಜನರ ಮೇಲೆ ನಡೆಸಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ ಕಲಿಸಿದ ಆ ಅಧ್ಯಯನದಲ್ಲಿ ಉನ್ಮಾದದ ಮರುಕಳಿಕೆ ಗಣನೀಯವಾಗಿ ಮುಂದಕ್ಕೆ ಹೋಯಿತು. ಖಿನ್ನತೆಯ ಮಟ್ಟಿಗೆ ಅಂಥ ಫಲ ಕಾಣಲಿಲ್ಲ. ಆದ್ದರಿಂದ ಖಿನ್ನತೆಯ ವಿಷಯದಲ್ಲಿ ಹಾಳೆಯೊಂದನ್ನೇ ನಂಬಿ ಕೂರಬಾರದು. ದಿನದ ಚಟುವಟಿಕೆಯನ್ನು ಬಿಡದಂತೆ ನೋಡಿಕೊಳ್ಳುವುದು, ವೈದ್ಯರನ್ನು ತಪ್ಪದೆ ಕಾಣುವುದು ಅಷ್ಟೇ ಮುಖ್ಯ.

ಮುನ್ಸೂಚನೆ ಗೊತ್ತಾದ ಮೇಲೆ ಅದಕ್ಕೊಂದು ಕ್ರಮ ಬೇಕು. ಅದೇ ಯುವಕ ಆರೇಳು ವಾರಗಳ ಚರ್ಚೆಯ ನಂತರ ತಮ್ಮ ಹಾಳೆಯಲ್ಲಿ ಬರೆದುಕೊಂಡದ್ದು ಹೀಗಿತ್ತು: "ಎರಡು ರಾತ್ರಿ ಐದು ಗಂಟೆಗಿಂತ ಕಡಿಮೆ ನಿದ್ದೆ ಮಾಡಿಯೂ ದಣಿವಾಗದಿದ್ದರೆ ಮೂರನೆಯ ದಿನ ಬೆಳಿಗ್ಗೆ ವೈದ್ಯರಿಗೆ ಫೋನ್ ಮಾಡುತ್ತೇನೆ. ಬ್ಯಾಂಕ್ ಕಾರ್ಡನ್ನು ಅಣ್ಣನಿಗೆ ಕೊಡುತ್ತೇನೆ. ಆ ವಾರ ಹೊಸ ಸಾಲ, ಹೊಸ ಕೆಲಸ, ರಾಜೀನಾಮೆ ಯಾವುದಕ್ಕೂ ಸಹಿ ಮಾಡುವುದಿಲ್ಲ. ಅಣ್ಣ 'ಹಾಳೆ ನೋಡು' ಎಂದರೆ ವಾದ ಮಾಡದೆ ನೋಡುತ್ತೇನೆ." ಮೊದಲ ಕರಡಿನಲ್ಲಿ ಅವರು "ಎಚ್ಚರಿಕೆಯಿಂದ ಇರುತ್ತೇನೆ" ಎಂದಷ್ಟೇ ಬರೆದಿದ್ದರು. "ಎಚ್ಚರಿಕೆ ಅಂದರೆ ಏನು? ಎಷ್ಟು ಗಂಟೆ? ಯಾರಿಗೆ ಫೋನ್?" ಎಂದು ಕೆದಕಿ ಕೇಳಿದವರು ಗುಂಪಿನ ಉಳಿದವರೇ. ತಾವೂ ಒಮ್ಮೆ 'ಎಚ್ಚರಿಕೆಯಿಂದ' ಇದ್ದು ಆಸ್ಪತ್ರೆ ಸೇರಿದವರಾದ್ದರಿಂದ ಆ ಪದದ ಪೊಳ್ಳುತನ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕೇವಲ ಒಟ್ಟಿಗೆ ಕೂತು ಮಾತನಾಡಿದರೆ ಸಾಲದು ಎಂದು ಆರಂಭದಲ್ಲೇ ಹೇಳಿದ್ದಕ್ಕೆ ಆಧಾರವಿದೆ. ಬಾರ್ಸಿಲೋನಾದ ಫ್ರಾನ್ಸೆಸ್ಕ್ ಕೊಲೊಮ್, ಎಡ್ವರ್ಡ್ ವಿಯೆಟಾ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧಿ ತೆಗೆದುಕೊಳ್ಳುತ್ತ ಸ್ಥಿರವಾಗಿದ್ದ 120 ಮಂದಿ ಬೈಪೋಲಾರ್ ಕಾಯಿಲೆಯವರನ್ನು ಎರಡು ಭಾಗ ಮಾಡಿದ್ದರು. ಒಂದು ಭಾಗದವರಿಗೆ ಕಾಯಿಲೆಯ ಅರಿವು, ಔಷಧಿ, ಮುನ್ಸೂಚನೆ, ಕ್ರಮಬದ್ಧ ದಿನಚರಿ ಇವುಗಳನ್ನು ಕಲಿಸುವ 21 ಗುಂಪು ಬೈಠಕ್‌ಗಳು; ಇನ್ನೊಂದು ಭಾಗದವರಿಗೆ ಅಷ್ಟೇ ಸಂಖ್ಯೆಯ, ಆದರೆ ಕಲಿಕೆಯ ಚೌಕಟ್ಟಿಲ್ಲದ ಮಾತುಕತೆಯ ಬೈಠಕ್‌ಗಳು. ಎರಡು ವರ್ಷಗಳ ಕೊನೆಗೆ ಎರಡನೆಯ ಭಾಗದಲ್ಲಿ ಶೇ. 92ರಷ್ಟು ಜನರಿಗೆ ಕಾಯಿಲೆ ಮರುಕಳಿಸಿತ್ತು, ಕಲಿಕೆಯ ಗುಂಪಿನಲ್ಲಿ ಶೇ. 67ರಷ್ಟು ಜನರಿಗೆ. ಅಂತರ ದೊಡ್ಡದು. ಆದರೆ ಕಲಿತವರಲ್ಲೂ ಮೂವರಲ್ಲಿ ಇಬ್ಬರಿಗೆ ಕಾಯಿಲೆ ಮರಳಿತೆಂಬುದನ್ನು ನಾನು ನಿಮ್ಮಿಂದ ಮುಚ್ಚಿಡುವುದಿಲ್ಲ. ಗುಂಪಿಗೆ ಸೇರಿದ ಮಾತ್ರಕ್ಕೆ ಇನ್ನೆಂದೂ ತೊಂದರೆಯಿಲ್ಲ ಎಂದು ಭರವಸೆ ಕೊಡುವವರನ್ನು ನಂಬಬೇಡಿ. ಕಾಯಿಲೆ ಮರುಕಳಿಸಿದರೆ "ಗುಂಪಿಗೆ ಹೋಗಿ ಏನು ಪ್ರಯೋಜನವಾಯಿತು?" ಎಂದು ತಮ್ಮನನ್ನೂ ಕೇಳಬೇಡಿ.

2016ರಲ್ಲಿ ಇಂಗ್ಲೆಂಡಿನಲ್ಲಿ 304 ಜನರ ಮೇಲೆ ಇದೇ ಬಗೆಯ ಹೋಲಿಕೆ ನಡೆದಾಗ ಒಟ್ಟಾರೆ ಅಂತರ ಸ್ಪಷ್ಟವಾಗಲಿಲ್ಲ. ಆದರೆ ಅದುವರೆಗೆ ಕಾಯಿಲೆಯ ಏಳಕ್ಕಿಂತ ಹೆಚ್ಚು ಸುತ್ತುಗಳನ್ನು ಕಂಡಿರದವರಲ್ಲಿ ಕಲಿಕೆಯ ಗುಂಪಿನಿಂದ ಲಾಭವಾಗಿತ್ತು. ಎರಡು ಸಲ ಮಾತ್ರ ಆಸ್ಪತ್ರೆ ಸೇರಿರುವ ನಿಮ್ಮ ತಮ್ಮನ ಮಟ್ಟಿಗೆ ಇದರ ಅರ್ಥ ಸರಳ: 'ಇನ್ನೊಮ್ಮೆ ಬಂದರೆ ನೋಡೋಣ' ಎಂದು ಮುಂದೂಡುವುದಕ್ಕಿಂತ ಈಗಲೇ ಸೇರುವುದು ಒಳ್ಳೆಯದು.

ಔಷಧಿಯ ವಿಷಯಕ್ಕೆ ಬರುತ್ತೇನೆ. ಮಾತ್ರೆ ಬಿಡುವವರಿಗೆ ಬಿಡಲು ಕಾರಣಗಳಿರುತ್ತವೆ. ಕೈ ನಡುಗುತ್ತದೆ, ತೂಕ ಏರುತ್ತದೆ, ಮನಸ್ಸಿಗೆ ಮೊದಲಿನ ಚುರುಕಿಲ್ಲ ಅನ್ನಿಸುತ್ತದೆ, ಚೆನ್ನಾಗಿದ್ದೇನಲ್ಲ ಇನ್ನೇಕೆ ಅನ್ನಿಸುತ್ತದೆ. ಮನೆಯಲ್ಲಿ ಇದನ್ನು ಹೇಳಿದರೆ ಗಾಬರಿಯಾಗುತ್ತದೆ, ವೈದ್ಯರ ಹತ್ತು ನಿಮಿಷದ ಭೇಟಿಯಲ್ಲಿ ಹೇಳಲು ಬಾಯಿ ಬರುವುದಿಲ್ಲ. ಗುಂಪಿನಲ್ಲಿ ಅದನ್ನು ಹೇಳಬಹುದು. ವೈದ್ಯರ ಮುಂದೆ ಹೇಗೆ ಹೇಳಬೇಕೆಂದು, ಒಬ್ಬರು ವೈದ್ಯರ ಪಾತ್ರ ವಹಿಸಿ, ಅಭ್ಯಾಸವನ್ನೂ ಮಾಡಬಹುದು. ಪ್ರಮಾಣ ಬದಲಿಸುವ ಸಲಹೆಯನ್ನು ಯಾರೂ ಯಾರಿಗೂ ಕೊಡುವಂತಿಲ್ಲ ಎಂಬುದು ಮಾತ್ರ ಕಟ್ಟುನಿಟ್ಟಾದ ನಿಯಮ. ನಿಮ್ಮ ತಮ್ಮ ಮನಸ್ಸಿನ ಏರಿಳಿತವನ್ನು ತಡೆಯುವ ಲಿಥಿಯಂ ಎಂಬ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನು ಒಮ್ಮೆಲೇ ನಿಲ್ಲಿಸುವುದರಿಂದ ಮರುಕಳಿಕೆಯ ಅಪಾಯ ಹೆಚ್ಚುತ್ತದೆ; ವಾಂತಿಭೇದಿಯಾಗಿ ಮೈಯ ನೀರಿನಂಶ ಕಡಿಮೆಯಾದಾಗ, ಇಬುಪ್ರೊಫೆನ್‌ನಂಥ ಕೆಲವು ನೋವಿನ ಮಾತ್ರೆಗಳನ್ನು ಜೊತೆಗೆ ತೆಗೆದುಕೊಂಡಾಗ, ರಕ್ತದಲ್ಲಿ ಅದರ ಮಟ್ಟ ಅಪಾಯಕರವಾಗಿ ಏರಬಹುದು. ಇಂಥ ಸಂಗತಿಗಳು ರೋಗಿಗೇ ಬಾಯಿಪಾಠವಾಗಿರಬೇಕು. ಒಳ್ಳೆಯ ಗುಂಪಿನಲ್ಲಿ ಇದಕ್ಕೆ ಸಮಯವಿಡುತ್ತಾರೆ.

ಈಗ ನೀವು ಮಾತ್ರೆ ಎಣಿಸುವ ವಿಷಯ. ಅದನ್ನು ನೀವು ಪ್ರೀತಿಯಿಂದ, ಎರಡು ಸಲ ಕಂಡ ಸಂಕಟದ ನೆನಪಿನಿಂದ ಮಾಡುತ್ತಿದ್ದೀರಿ. ಅದಕ್ಕಾಗಿ ನಿಮ್ಮನ್ನು ಯಾರೂ ದೂರುವಂತಿಲ್ಲ. ಆದರೂ ಒಂದು ಮಾತು. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಸ್ಕಿಜೋಫ್ರೇನಿಯಾ ಎಂಬ, ಭ್ರಮೆಗಳು ಕಾಡುವ ಇನ್ನೊಂದು ತೀವ್ರ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡು ಮನೆಗೆ ಮರಳಿದವರನ್ನು ಗಮನಿಸಿ 1972ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಮೊದಲ್ಗೊಂಡು, ಟೀಕೆ, ಹಗೆತನ, ಅತಿಯಾದ ಕಾಳಜಿ ಹೆಚ್ಚಿರುವ ಮನೆಗಳಲ್ಲಿ ಮರುಕಳಿಕೆಯೂ ಹೆಚ್ಚೆಂದು ಮತ್ತೆ ಮತ್ತೆ ಕಂಡುಬಂದಿದೆ. ಕುಟುಂಬವೇ ಕಾಯಿಲೆಗೆ ಕಾರಣ ಎಂದು ಇದರ ಅರ್ಥವಲ್ಲ. ಮನೆಯ ದಿನನಿತ್ಯದ ತಿಕ್ಕಾಟ ತಗ್ಗಿದರೆ ಚೇತರಿಕೆ ಗಟ್ಟಿಯಾಗುತ್ತದೆ ಎಂದಷ್ಟೇ. ಎಣಿಕೆಯನ್ನು ಒಂದೇ ದಿನದಲ್ಲಿ ನಿಲ್ಲಿಸಬೇಡಿ, ಹಂತ ಹಂತವಾಗಿ ಅವರಿಗೆ ದಾಟಿಸಿ. ಏಳು ದಿನಗಳ ಖಾನೆಗಳಿರುವ ಮಾತ್ರೆಯ ಡಬ್ಬಿಯನ್ನು ವಾರಕ್ಕೊಮ್ಮೆ ಅವರೇ ತುಂಬಲಿ. ಮೊದಲ ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ಒಂದು ಸಲ, ಇಬ್ಬರೂ ಒಪ್ಪಿಕೊಂಡ ದಿನದಂದು ಮಾತ್ರ ನೀವು ನೋಡಿ. ನಡುವೆ ಕೇಳಬೇಡಿ. ಒಂದು ಹೊತ್ತು ತಪ್ಪಿದ್ದು ಕಂಡರೆ, ಮುಂದಿನ ಸಲ ನೆನಪಾಗಲು ಏನು ಮಾಡೋಣವೆಂದು ಇಬ್ಬರೂ ಕೂತು ಯೋಚಿಸಿ. ಮನೆಯವರಿಗೆಂದೇ ಪ್ರತ್ಯೇಕ ಗುಂಪುಗಳೂ ಕೆಲವೆಡೆ ನಡೆಯುತ್ತವೆ. ಅಂಥದೊಂದು ಸಿಕ್ಕರೆ ನೀವೂ ಸೇರಿಕೊಳ್ಳಿ. ಇಷ್ಟು ವರ್ಷ ನೀವು ಒಬ್ಬರೇ ಹೊತ್ತ ಭಾರವನ್ನು ಇಳಿಸಲು ನಿಮಗೂ ಒಂದು ಜಾಗ ಬೇಕು.

ಗುಟ್ಟಿನ ಬಗ್ಗೆ ನಿಮ್ಮ ತಮ್ಮ ಕೇಳಿದ್ದು ನ್ಯಾಯವಾದ ಪ್ರಶ್ನೆ. ಗುಂಪನ್ನು ನಡೆಸುವವರು ವೃತ್ತಿಯ ನಿಯಮಕ್ಕೆ ಬದ್ಧರು. ಯಾರದಾದರೂ ಜೀವಕ್ಕೆ ಅಪಾಯವಿದೆಯೆಂದು ಕಂಡರೆ ಸಂಬಂಧಪಟ್ಟವರಿಗೆ ತಿಳಿಸುವುದು ಅವರ ಕರ್ತವ್ಯ. ಉಳಿದ ಮಾತು ಅವರಿಂದ ಹೊರಹೋಗುವಂತಿಲ್ಲ. ಗುಂಪಿನ ಇತರ ಸದಸ್ಯರೂ ಮೊದಲ ದಿನವೇ ಇದಕ್ಕೆ ಒಪ್ಪಿಗೆ ಕೊಟ್ಟಿರುತ್ತಾರೆ. ಆದರೆ ಅವರೆಲ್ಲರ ಪರವಾಗಿ ಯಾರೂ ನೂರಕ್ಕೆ ನೂರು ಖಾತರಿ ಕೊಡಲಾರರು. ಹಾಗೆ ಕೊಡುವವರಿಗಿಂತ ಈ ಮಿತಿಯನ್ನು ಮುಂಚಿತವಾಗಿ ಹೇಳುವವರೇ ನಂಬಿಕೆಗೆ ಅರ್ಹರು. ಕೆಲಸದ ಜಾಗ, ಪೂರ್ತಿ ಹೆಸರು, ಮನೆಯ ವಿವರ ಇವುಗಳನ್ನು ಹೇಳದೆಯೂ ಪಾಲ್ಗೊಳ್ಳಬಹುದು. ಮೊದಲ ಕೆಲವು ವಾರ ಸುಮ್ಮನೆ ಕೇಳುತ್ತ ಕೂರುವುದಕ್ಕೂ ಅಡ್ಡಿಯಿಲ್ಲ.

ಗುಂಪು ಎಂಥದೆಂದು ತೂಗಿ ನೋಡಲು ನಡೆಸುವವರನ್ನೇ ನೇರವಾಗಿ ಕೇಳಿ. ಎಷ್ಟು ಜನ? ಎಂಟರಿಂದ ಹನ್ನೆರಡು ಜನರ ಗುಂಪಾದರೆ ಎಲ್ಲರಿಗೂ ಮಾತಿನ ಸರದಿ ಬರುತ್ತದೆ. ಯಾವ ವಾರ ಯಾವ ವಿಷಯ ಎಂಬ ಕ್ರಮವಿದೆಯೇ? ನಡೆಸುವವರಿಗೆ ಯಾವ ತರಬೇತಿಯಾಗಿದೆ? ಬೈಠಕ್ಕಿನ ನಡುವೆ ಯಾರಾದರೂ ಕಂಗೆಟ್ಟರೆ ಏನು ಮಾಡುತ್ತಾರೆ? ನಮ್ಮ ಮನೋವೈದ್ಯರೊಂದಿಗೆ ಸಂಪರ್ಕ ಇಟ್ಟುಕೊಳ್ಳುತ್ತಾರೆಯೇ? ಔಷಧಿ ಬಿಡಿಸುತ್ತೇವೆಂದು ಹೇಳುವ ಗುಂಪಾದರೆ ಅಲ್ಲಿಂದಲೇ ಹಿಂದಿರುಗಿ.

ಗುಂಪು ಬೇಡವಾದ ಸಮಯವೂ ಇದೆ. ಉನ್ಮಾದ ಏರುತ್ತಿರುವಾಗ, ಭ್ರಮೆಗಳು ತೀವ್ರವಾಗಿರುವಾಗ, ಕುಡಿತದ ಅಮಲಿನಲ್ಲಿರುವಾಗ ಅಲ್ಲಿ ಕೂರುವುದರಿಂದ ಅವರಿಗೂ ಉಪಯೋಗವಿಲ್ಲ, ಉಳಿದವರಿಗೂ ತೊಂದರೆ. ಸಾಯುವ ಯೋಚನೆ ಬರುತ್ತಿದೆಯೆಂದು ಅವರು ಹೇಳಿದರೆ ಅಥವಾ ನಿಮಗೆ ಹಾಗೆ ಅನ್ನಿಸಿದರೆ ಮುಂದಿನ ವಾರದ ಗುಂಪಿಗಾಗಿ ಕಾಯಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಅದೇ ದಿನ, ಅದೇ ಗಳಿಗೆ ವೈದ್ಯರ ಬಳಿಗೆ ಅಥವಾ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.

ಕೊನೆಯದಾಗಿ, ಅವರನ್ನು ಒಪ್ಪಿಸುವ ಬಗೆ. "ಸೇರಲೇಬೇಕು" ಎನ್ನುವ ಬದಲು, ಗುಂಪನ್ನು ನಡೆಸುವವರನ್ನು ಒಮ್ಮೆ ಒಂಟಿಯಾಗಿ ಅರ್ಧ ಗಂಟೆ ಭೇಟಿಯಾಗಿ ಬರಲು ಹೇಳಿ. ಕ್ರಮಬದ್ಧವಾಗಿ ನಡೆಯುವ ಗುಂಪುಗಳಲ್ಲಿ ಇಂಥ ಭೇಟಿ ಮೊದಲು ಇದ್ದೇ ಇರುತ್ತದೆ. ತಮ್ಮ ಎರಡೂ ಭಯಗಳನ್ನು ಅವರೇ ಅಲ್ಲಿ ಕೇಳಲಿ. ಆಮೇಲೆ ನಾಲ್ಕು ವಾರ ಹೋಗಿ ನೋಡುವುದು, ಹಿಡಿಸದಿದ್ದರೆ ಬಿಡುವುದು ಎಂದು ಒಪ್ಪಂದ ಮಾಡಿಕೊಳ್ಳಿ. ಒಂದೇ ವಾರಕ್ಕೆ ತೀರ್ಮಾನಿಸಬೇಡಿ, ಏಕೆಂದರೆ ಮೊದಲ ದಿನದ ಮುಜುಗರ ಎಲ್ಲರಿಗೂ ಆಗುತ್ತದೆ. ಜೊತೆಗೆ ಹೋಗಬೇಕೆಂದು ಅವರು ಕೇಳಿದರೆ ಬಾಗಿಲವರೆಗೆ ಹೋಗಿ, ಹೊರಗೆ ಕಾಯಿರಿ. ಬಂದ ಮೇಲೆ ಒಳಗೆ ಯಾರು ಏನು ಹೇಳಿದರೆಂದು ಕೇಳಬೇಡಿ. ಕೆಲವು ವಾರಗಳ ನಂತರ ಅವರಾಗಿಯೇ ಒಂದು ಹಾಳೆಯನ್ನು ನಿಮ್ಮ ಮುಂದಿಟ್ಟು, ಅದರ ಒಂದು ಸಾಲಿನಲ್ಲಿ ನಿಮ್ಮ ಹೆಸರು ಬರೆದುಕೊಳ್ಳಬಹುದೇ ಎಂದು ಕೇಳಬಹುದು. ಆಗ ನೀವು ಏನು ಮಾಡಬಲ್ಲಿರಿ, ಏನು ಮಾಡಲಾರಿರಿ ಎಂಬುದನ್ನು ಯೋಚಿಸಿ ಹೇಳಿ, ಒಪ್ಪಿಕೊಂಡದ್ದನ್ನಷ್ಟೇ ಬರೆಯಲು ಹೇಳಿ.